ಜೋಡಿ ಸಂತೋಷದ ಕೆಂಪು ಕಾಗದ: ಮಡಿಕೆ ತಪ್ಪಿದರೆ ಅಕ್ಷರ ತಪ್ಪುತ್ತದೆ

ಚೀನಾದ ಕಾಗದ ಕತ್ತರಿಸುವ ಕಲೆ ಜಿಯೆನ್‌ಝಿ 2009ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಹೊರದೇಶಗಳ ಶಿಬಿರಗಳಲ್ಲಿ ಇದಕ್ಕೆ ಬೇಡಿಕೆ ಹೆಚ್ಚು. ಕತ್ತರಿ, ಕಾಗದ ಇದ್ದರೆ ಸಾಕು. ಆದರೆ ಅಚ್ಚು ಹಾಕಿದ ಚಿತ್ರ ಕೊಟ್ಟು ಗೆರೆಯ ಮೇಲೆ ಕತ್ತರಿಸಿ ಎಂದರೆ ಕಲಿತದ್ದು ಏನೂ ಇರುವುದಿಲ್ಲ. ಕಲಿಸಬೇಕಾದದ್ದು ಮಡಿಕೆಯನ್ನು.

ಶ್ವಾಂಗ್‌ಶಿ ತೆಗೆದುಕೊಳ್ಳಿ. 'ಸಂತೋಷ' ಎಂಬರ್ಥದ ಅಕ್ಷರ ಪಕ್ಕಪಕ್ಕ ಎರಡು ಬಾರಿ. 15 ಸೆಂ.ಮೀ. ಚೌಕದ ತೆಳು ಕೆಂಪು ಕಾಗದವನ್ನು ಉದ್ದುದ್ದಕ್ಕೆ ಅರ್ಧ ಮಡಚಿ, ಅದೇ ದಿಕ್ಕಿಗೆ ಮತ್ತೆ ಅರ್ಧ ಮಡಚಿ. ನಾಲ್ಕು ಪದರದ ಪಟ್ಟಿ ಸಿಗುತ್ತದೆ. ಅದರ ಒಂದು ಅಂಚಿನಲ್ಲಿ ಬರೀ ಮಡಿಕೆಗಳು, ಇನ್ನೊಂದರಲ್ಲಿ ಒಂದು ಮಡಿಕೆಯ ಜೊತೆಗೆ ಬಿಡಿ ತುದಿಗಳು. ಅರ್ಧ ಅಕ್ಷರವನ್ನು ಬರೀ ಮಡಿಕೆಗಳಿರುವ ಅಂಚಿಗೆ ತಾಗಿಸಿ ಬರೆಯಬೇಕು. ಇಲ್ಲಿ ಎಡವುವವರೇ ಹೆಚ್ಚು: ಬಿಡಿ ತುದಿಯ ಕಡೆಯಿಂದ ಬರೆದರೆ ಬಿಚ್ಚಿದಾಗ ನಡುವೆ ಒಂದು ಇಡೀ ಅಕ್ಷರ, ಎರಡು ಬದಿಗೆ ಅರ್ಧರ್ಧ ಅಕ್ಷರ. ನಡುವಿನ ಉದ್ದ ಅಡ್ಡಗೆರೆ ಮಾತ್ರ ಆಚೆ ಅಂಚಿನವರೆಗೂ ಹೋಗಲೇಬೇಕು. ಅದನ್ನು ತುಂಡರಿಸಿದರೆ ಜೋಡಿ ಬೇರೆಬೇರೆಯಾಗುತ್ತದೆ.

ಕತ್ತರಿಸುವಾಗ ಮೊದಲು ಒಳಗಿನ ಸಣ್ಣ ಕಿಂಡಿ, ಆಮೇಲೆ ದೊಡ್ಡದು, ಹೊರಗಿನ ಅಂಚು ಕೊನೆಗೆ. ಅಂಚು ಮೊದಲೇ ಹೋದರೆ ಹಿಡಿದುಕೊಳ್ಳಲು ಜಾಗವಿಲ್ಲ. ತಿರುಗಬೇಕಾದ್ದು ಕಾಗದ, ಕತ್ತರಿಯಲ್ಲ. ದಪ್ಪ ಕಾಗದ ನಾಲ್ಕು ಪದರಕ್ಕೆ ಜಾರಿ, ಮೇಲಿನ ಪದರಕ್ಕೂ ಕೆಳಗಿನದಕ್ಕೂ ಅಳತೆ ತಪ್ಪುತ್ತದೆ. ಅಂಟಿಸುವಾಗ ಗಂಜಿ ಅಲ್ಲಲ್ಲಿ ಚುಕ್ಕೆಯಷ್ಟು ಸಾಕು. ಒದ್ದೆ ಹೆಚ್ಚಾದರೆ ಅಗ್ಗದ ಕೆಂಪು ಬಣ್ಣ ಗೋಡೆಗೇ ಇಳಿಯುತ್ತದೆ.

ಇನ್ನೊಂದು ಮಾತು, ಇದು ಮುಖ್ಯ. ಶ್ವಾಂಗ್‌ಶಿ ಮದುವೆ ಮನೆಯ ಗುರುತು. ವಸಂತ ಹಬ್ಬದ, ಅಂದರೆ ಚೀನೀ ಹೊಸ ವರ್ಷದ, ಶಿಬಿರದಲ್ಲಿ ಅದನ್ನು ಮಾಡಿಸುವುದು ಸರಿಯಲ್ಲ. ಅಲ್ಲಿಗೆ ವಸಂತ ಎಂಬರ್ಥದ 'ಛುನ್' ಅಕ್ಷರ ಒಪ್ಪುತ್ತದೆ. ಎಡಬಲ ಒಂದೇ ಆಕಾರ, ಒಂದೇ ಮಡಿಕೆ, ಮಕ್ಕಳಿಗೂ ಬರುತ್ತದೆ.

ಕತ್ತರಿಯೊಂದೇ ಈ ಕಲೆಯ ಉಪಕರಣ ಅಂದುಕೊಳ್ಳುವುದೂ ಬೇಡ. ಹೆಬೈ ಪ್ರಾಂತದ ಯುಷ್ಯಾನ್‌ನಲ್ಲಿ ತೆಳು ಕಾಗದದ ಹತ್ತಾರು ಹಾಳೆಗಳನ್ನು ಒಟ್ಟಿಗೆ ಚೂರಿಯಲ್ಲಿ ಕೊರೆದು, ಮದ್ಯ ಬೆರೆಸಿದ ಬಣ್ಣ ಹಾಕುತ್ತಾರೆ. ಅದು ಮೇಲಿನ ಹಾಳೆಯಿಂದ ಕೆಳಗಿನವರೆಗೂ ಇಂಗುತ್ತದೆ. ಅಲ್ಲಿಯ ಒಂದೆರಡು ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿ.