ಮುಸುರೆಯ ಡ್ರಮ್ಮು ಮತ್ತು ಹಂದಿ ಜ್ವರ

ಕೋಲಾರದ ಹೊರವಲಯದಲ್ಲಿ ನಮ್ಮ ಚಿಕ್ಕಪ್ಪನವರು ಸಾಕಿರುವ ಹಂದಿಗಳಿಗೆ ಹೋಟೆಲುಗಳ ಮುಸುರೆಯೇ ಮುಖ್ಯ ಆಹಾರ. ಆಫ್ರಿಕನ್ ಹಂದಿ ಜ್ವರದ ಕುರಿತ ನನ್ನ ಭಯ ಶುರುವಾಗುವುದೂ ಆ ನೀಲಿ ಡ್ರಮ್ಮುಗಳಿಂದಲೇ. 1921ರಲ್ಲಿ ಕೀನ್ಯಾದಿಂದ ಮೊದಲು ವರದಿಯಾಗಿ, 2020ರಲ್ಲಿ ಅಸ್ಸಾಂ ಹಾಗೂ ಅರುಣಾಚಲ ಪ್ರದೇಶಗಳಲ್ಲಿ ಕಾಣಿಸಿಕೊಂಡ ಈ ರೋಗದ ವೈರಾಣು, ಹಂದಿಯಿಂದ ಹಂದಿಗೆ ನೇರವಾಗಿ ಹರಡುವುದಲ್ಲದೆ, ಸರಿಯಾಗಿ ಬೇಯದ ಹಂದಿಮಾಂಸದ ಚೂರಿನಲ್ಲಿ, ವಾಹನದ ಚಕ್ರದಲ್ಲಿ, ಕೆಲಸಗಾರರ ಚಪ್ಪಲಿಯಡಿಯಲ್ಲಿ ಅಂಟಿಕೊಂಡೂ ಬರುತ್ತದೆ. ತೀವ್ರ ಜ್ವರ ಬಂದ ಹಂದಿ ಮೇವು ಬಿಡುತ್ತದೆ. ಕಿವಿ, ಹೊಟ್ಟೆಯ ಚರ್ಮ ಕೆಂಪೇರಿ ನೀಲಿಗಟ್ಟುತ್ತದೆ. ಹಿಂಡಿನಲ್ಲಿ ಬಹುಪಾಲು ಸತ್ತೇ ಹೋಗಬಹುದು. ಮನುಷ್ಯರಿಗೆ ಇದು ತಗಲುವುದಿಲ್ಲ. 2009ರಲ್ಲಿ ಮನುಷ್ಯರಲ್ಲಿ ಹರಡಿದ, ಹಂದಿ ಜ್ವರವೆಂದೇ ಕರೆಸಿಕೊಂಡ ಎಚ್1ಎನ್1 ಜೊತೆ ಇದನ್ನು ಗಂಟು ಹಾಕುವವರಿಗೆ ಎಷ್ಟು ಸಲ ಹೇಳಿದರೂ ಸಾಲದು.

ಇದಕ್ಕೆ ಚಿಕಿತ್ಸೆಯಿಲ್ಲ. ರೋಗ ದೃಢಪಟ್ಟರೆ ಸುತ್ತಲಿನ 1 ಕಿ.ಮೀ. ವ್ಯಾಪ್ತಿಯ ಹಂದಿಗಳನ್ನು ಕೊಂದು ಆಳವಾಗಿ ಹೂಳುತ್ತಾರೆ, 10 ಕಿ.ಮೀ.ವರೆಗೆ ನಿಗಾ ಇಡುತ್ತಾರೆ. ಸಾಕಿದವರ ಕಣ್ಣಿಗೆ ಇದು ಕ್ರೌರ್ಯವೇ. ಆದರೂ ಸತ್ತ ಹಂದಿಯನ್ನು ಗುಟ್ಟಾಗಿ ಕೆರೆಯಂಗಳಕ್ಕೆ ಎಸೆಯುವುದು ಅದಕ್ಕಿಂತ ದೊಡ್ಡ ತಪ್ಪೆಂದು ನಾನು ಭಾವಿಸುತ್ತೇನೆ. ಚಿಕ್ಕಪ್ಪನವರು ಈಗ ಮುಸುರೆಯನ್ನು ಮೂರು ಕಲ್ಲಿನ ಒಲೆಯ ಮೇಲೆ ಅರ್ಧ ಗಂಟೆ ಕೊತಕೊತ ಕುದಿಸಿ, ಕೋಲಿನಿಂದ ಕದಡಿ, ಆರಿದ ಮೇಲೆಯೇ ಹಾಕುತ್ತಾರೆ. ಸೌದೆಯ ಖರ್ಚಿಗೆ ಗೊಣಗುವುದನ್ನು ಮಾತ್ರ ಬಿಟ್ಟಿಲ್ಲ.