ಮರದ್ದಾ, ಹುಳದ್ದಾ?

ಮತ್ತಿ ಎಲೆಯ ಬೆನ್ನು ತಿರುಗಿಸಿ, ತೊಟ್ಟಿನ ಹತ್ತಿರ ನಡುನರಕ್ಕೆ ಅಂಟಿಕೊಂಡಿದ್ದ ಎರಡು ಗುಬುಟು ತೋರಿಸಿ ಕಾಡು ಕಾಯುವ ವಾಚರ್ ಕೇಳಿದ್ದು ಇಷ್ಟೇ: "ಸಾ, ಇದು ಮರದ್ದಾ, ಹುಳದ್ದಾ?"

ಅಷ್ಟರಲ್ಲಿ ತಂಡದ ಎಂ.ಎಸ್ಸಿ. ಹುಡುಗ ಅಂಥ ಹದಿನೇಳು ಎಲೆಗಳನ್ನು "ಗಂಟು ಇದೆ" ಕಾಲಮ್ಮಿಗೆ ಸೇರಿಸಿ ಆಗಿತ್ತು. ಹುಡುಗ ಚುರುಕು, ಸಸ್ಯಗಳ ಲ್ಯಾಟಿನ್ ಹೆಸರು ನಾಲಗೆ ತುದಿಯಲ್ಲೇ ಇದೆ. ಆದರೆ ಕಾಲಮ್ ಖಾಲಿ ಬಿಡಲು ಹೆದರುತ್ತಾನೆ. ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಗಾಲ್, ಅಂದರೆ ಹುಳ ಮರದ ಮೈಯಲ್ಲಿ ಕಟ್ಟಿಸುವ ಗಂಟು, ಎಣಿಸಲು ಹೋದವರಿಗೆ ಇದಕ್ಕಿಂತ ದೊಡ್ಡ ರೋಗ ಇಲ್ಲ.

ಆ ಗುಬುಟುಗಳು ಮರದ್ದೇ. ಮತ್ತಿಗೆ ಹುಟ್ಟಿನಿಂದ ಬಂದ ಗ್ರಂಥಿಗಳು. ಎಲೆ ಎಲೆಯಲ್ಲೂ ಅದೇ ಜಾಗದಲ್ಲಿ ಕಾಣುತ್ತವೆ. ಹುಳದ ಗಂಟಿಗೆ ಆ ಶಿಸ್ತಿಲ್ಲ: ಒಂದು ಎಲೆಯಲ್ಲಿ ಮೂವತ್ತು, ಪಕ್ಕದ್ದರಲ್ಲಿ ಸೊನ್ನೆ. ಅನುಮಾನ ಬಂದರೆ ಬ್ಲೇಡಿನಲ್ಲಿ ಅಡ್ಡಕ್ಕೆ ಸೀಳಬೇಕು. ಒಳಗೆ ಕೋಣೆ ಇರಬೇಕು, ಕೋಣೆಯಲ್ಲಿ ಯಾರಾದರೂ ಇರಬೇಕು ಅಥವಾ ಇದ್ದು ಹೋದ ಗುರುತಿರಬೇಕು. ಮತ್ತಿಯ ನಿಜವಾದ ಎಲೆಗಂಟಿನೊಳಗೆ ರಸ ಹೀರುವ ಪುಟ್ಟ ಕೀಟ ಸಿಲ್ಲಿಡ್‌ನ ಮರಿ ಚಪ್ಪಟೆಯಾಗಿ ಕೂತಿರುತ್ತದೆ. ಟಸರ್ ರೇಷ್ಮೆಗೆಂದು ಮತ್ತಿ ಬೆಳೆಸುವವರಿಗೆ ತಲೆನೋವಾದ ಟ್ರಯೋಜಾ ಎಂಬ ಸಿಲ್ಲಿಡ್ ಅದು. ಕಾಲಿಲ್ಲದ ಕಿತ್ತಳೆ ಬಣ್ಣದ ಹುಳು ಕಂಡರೆ ಮಿಡ್ಜ್ ಎಂಬ ಪುಟ್ಟ ನೊಣದ ಮರಿ ಇರಬಹುದು, ಮಡಚಿದ ಎಲೆಯೊಳಗೆ ಕಪ್ಪು, ಹಳದಿ ಗುಂಪು ಕಂಡರೆ ಥ್ರಿಪ್ಸ್ ಎಂಬ ಸಣ್ಣ ಕೀಟ. ಹೊಂಗೆ ಎಲೆಯ ಮೇಲೆ ಬೆರಳಿನಂತೆ ಎದ್ದ ಗಂಟಿನಲ್ಲಿ ಬರಿಗಣ್ಣಿಗೆ ಏನೂ ಕಾಣುವುದಿಲ್ಲ. ಅದನ್ನು ಕಟ್ಟಿಸುವ ನುಸಿ ಕೀಟವೇ ಅಲ್ಲ, ಅದಕ್ಕೆ ಇರುವುದು ನಾಲ್ಕೇ ಕಾಲು.

ವಾಚರ್ ಪ್ರಶ್ನೆ ಮಾತ್ರ ಅಷ್ಟಕ್ಕೆ ಮುಗಿಯಲಿಲ್ಲ. ಮರದ್ದಾ, ಹುಳದ್ದಾ? ಗಂಟಿನ ಒಂದೊಂದು ಜೀವಕೋಶವೂ ಮರದ್ದು, ನಕ್ಷೆ ಹುಳದ್ದು. ಕಲ್ಲು, ಗಾರೆ, ಕೂಲಿ ಎಲ್ಲ ಮನೆಯವನದೇ, ಮನೆ ಮಾತ್ರ ಬಾಡಿಗೆ ಕೊಡದವನದು. ಬಹುಪಾಲು ಗಾಲ್ ಕೀಟಗಳು ಒಂದೇ ಜಾತಿಗೋ ಹತ್ತಿರದ ಬಂಧುಗಳಿಗೋ ಅಂಟಿಕೊಂಡಿರುವುದರಿಂದ ಮರ ಗುರುತಿಸಿದರೆ ಅರ್ಧ ಕೆಲಸ ಮುಗಿಯಿತು. ಮತ್ತಿಯನ್ನು ಅದರ ಬಂಧು ಹೊಳೆಮತ್ತಿ ಎಂದು ಬರೆದರೆ ಆ ಸಾಲೇ ದಂಡ. ಹಾಗಾಗಿ ಮೊದಲು ತೊಗಟೆ, ಇಡೀ ಮರ, ಎಲೆಯ ಎರಡೂ ಮುಖದ ಫೋಟೋ, ಪಕ್ಕದಲ್ಲಿ ಸ್ಕೇಲು. ಗಂಟಿನ ಸರದಿ ಆಮೇಲೆ.

ಎಣಿಕೆಯ ಕ್ರಮ ಸರಳ, ಪಾಲಿಸುವುದು ಕಷ್ಟ. ಜಾತಿಗೆ ಹತ್ತು ಮರ. ಗಂಟು ನೋಡುವ ಮುಂಚೆಯೇ ಮರ ಆರಿಸಿರಬೇಕು. ನಾಲ್ಕು ದಿಕ್ಕಿಗೆ ಒಂದೊಂದು ರೆಂಬೆ, ರೆಂಬೆಗೆ ತುದಿಯಿಂದ ಸಾಲಾಗಿ 25 ಎಲೆ. ಮರಕ್ಕೆ ನೂರು. ಗಂಟಿಲ್ಲದ ಎಲೆಯನ್ನೂ ಎಣಿಸಬೇಕು. ಸೊನ್ನೆ ಬರೆಯದ ಪಟ್ಟಿಯಲ್ಲಿ ಕಾಡೆಲ್ಲ ಗಂಟೇ ತುಂಬಿರುತ್ತದೆ. ಕೈಗೆಟುಕುವ ಎರಡು ಮೀಟರ್ ಎತ್ತರದಲ್ಲಷ್ಟೇ ನೋಡಿದ್ದರೆ ಅದನ್ನೂ ಬರೆಯಬೇಕು, ನೆತ್ತಿಯ ಕಥೆ ಬೇರೆಯೇ ಇರಬಹುದು. ಕೀಳುವುದಂತೂ ಅರಣ್ಯ ಇಲಾಖೆಯ ಅನುಮತಿ ಪತ್ರದಲ್ಲಿ ಇರುವಷ್ಟೇ. ಇದು 2011ರಿಂದ ಹುಲಿ ಸಂರಕ್ಷಿತ ಪ್ರದೇಶ.

ನೆಲ್ಲಿಯ ಹತ್ತಿರ ವಾಚರ್ ನಮಗೇ ಪಾಠ ಹೇಳಿದರು. ಕೊಂಬೆಯ ಒಂದು ಉಬ್ಬನ್ನು ಹುಡುಗ ಹಿಡಿದ ಕೂಡಲೇ, "ಅದು ಉಪ್ಪಿಲು ಕೂತಿದ್ದ ಜಾಗ ಕಣಪ್ಪ" ಅಂದರು. ಸೋಲಿಗರು ಉಪ್ಪಿಲು ಅನ್ನುವುದು ನೆಲ್ಲಿಯ ಮೇಲೆ ಬೇರೂರುವ ಬಂದಣಿಕೆಗೆ. ನೆಲ್ಲಿಯ ನಿಜವಾದ ಗಂಟು ಎಳೆ ಚಿಗುರಿನಲ್ಲಿ, ಮಳೆಗಾಲದಲ್ಲಿ. ಬೆಟೌಸಾ ಎಂಬ ಪತಂಗದ ಮರಿ ಒಳಗೆ ಸುರಂಗ ಕೊರೆದಿರುತ್ತದೆ. ಸೀಳಿದರೆ ಹಿಕ್ಕೆ ಸಿಗುತ್ತದೆ.

ಗಂಟು ತಂದು ಒಳಗಿನ ಹುಳ ಹೊರಬರುವವರೆಗೆ ಸಾಕುವಾಗ ಪಾಲಿಥಿನ್ ಚೀಲ ಬೇಡವೇ ಬೇಡ. ಬೆವರು ಕಟ್ಟಿ ಎರಡೇ ದಿನಕ್ಕೆ ಬೂಸು. ಮಲ್ ಬಟ್ಟೆ ಕಟ್ಟಿದ ಡಬ್ಬಿ, ತಳಕ್ಕೆ ಟಿಶ್ಯೂ, ರೆಂಬೆಯ ಬುಡಕ್ಕೆ ಒದ್ದೆ ಹತ್ತಿ. ಎಳೆಯ ಗಂಟು ಕಿತ್ತರೆ ಎಲೆಯ ಜೊತೆ ಒಳಗಿನದೂ ಒಣಗುತ್ತದೆ. ಬಲಿತದ್ದೇ ಆಗಬೇಕು. ಹೊರಬಂದದ್ದನ್ನು 70% ಆಲ್ಕೋಹಾಲಿಗೆ ಹಾಕಿ, ಡಿಎನ್‌ಎ ಬೇಕಿದ್ದರೆ 95%. ಚೀಟಿ ಪೆನ್ಸಿಲಿನಲ್ಲೇ ಬರೆಯಬೇಕು. ಬಾಲ್‌ಪೆನ್ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ. ತಮಾಷೆಯೆಂದರೆ, ಹಳೆಯ ಕಾಲದ ಗಟ್ಟಿ ಶಾಯಿ ಆಗುತ್ತಿದ್ದದ್ದೇ ಗಾಲ್‌ನಿಂದ: ಮಾಚಿಕಾಯಿಗೆ ಅನ್ನಭೇದಿ (ಕಬ್ಬಿಣದ ಲವಣ) ಬೆರೆಸಿ. ಮಗುವಿಗೆಂದು ತೇಯುವ ಅದೇ ಮಾಚಿಕಾಯಿ. ಕಾಯಿ ಅನ್ನುತ್ತೇವೆ, ನಿಜಕ್ಕೂ ಪಶ್ಚಿಮ ಏಷ್ಯಾದ ಓಕ್ ಮರದಲ್ಲಿ ಕಣಜ ಕಟ್ಟಿಸಿದ ಗಂಟು. ಗ್ರಂಧಿಗೆ ಅಂಗಡಿಯಲ್ಲಿ ತೂತಿಲ್ಲದ್ದನ್ನೇ ಆರಿಸಿಕೊಳ್ಳಿ. ಕಣಜ ಹಾರಿಹೋದ ಕಾಯಿಯಲ್ಲಿ ಒಗರು ಕಡಿಮೆ.

ಮೊನ್ನೆ ಬೆಳಿಗ್ಗೆ ಆರನೇ ಮತ್ತಿ ಮರದ ಡಬ್ಬಿಯಲ್ಲಿ ಮೂರು ಕಣಜ, ಹೊಳೆಯುವ ಹಸಿರು. ಹುಡುಗ "ಗಂಟು ಕಟ್ಟಿದ್ದು: ಕಣಜ" ಎಂದು ಬರೆಯಲು ಹೊರಟ. ಆ ಕಣಜಗಳು ಗಂಟು ಕಟ್ಟಿಸಿದವರಲ್ಲ, ಕಟ್ಟಿಸಿದವರನ್ನು ಒಳಗೇ ತಿಂದು ಮುಗಿಸಿದವರು. ಡಬ್ಬಿಯಿಂದ ಮೊದಲು ಹಾರುವುದು ಎಷ್ಟೋ ಸಲ ಇವೇ. ವಾಚರ್ ಬಗ್ಗಿ ನೋಡಿ, "ಹಂಗಾರೆ ಈಗ ಮನೆ ಯಾರ್ದು ಸಾ?" ಅಂದರು.

ಹುಡುಗ ರಬ್ಬರ್ ಹುಡುಕಿದ. ಚೀಟಿಯಲ್ಲಿ ಈಗ ಇರುವುದು: ಮತ್ತಿ, ಮರ 6, ಹೊರಬಂದದ್ದು ಕಣಜ 3. ಕಟ್ಟಿದ್ದು ಎಂಬುದರ ಮುಂದೆ ಖಾಲಿ.