ಅಂಚು ನೋಡಿ ಪಿಯೆರೋಗಿ ತಿನ್ನಿ

ಪಿಯೆರೋಗಿ ಅಂದರೆ ಪೋಲೆಂಡಿನ ಕಡುಬು: ಮೈದಾ ಬಿಲ್ಲೆಯಲ್ಲಿ ಹೂರಣವಿಟ್ಟು ಮಡಚಿ, ಅಂಚು ಒತ್ತಿ, ನೀರಲ್ಲಿ ಬೇಯಿಸಿದ್ದು. ಅಲ್ಲಿ ಅದನ್ನು ತಿಂದು ಕಡಿಮೆ ದುಡ್ಡಿಗೆ ಹೊಟ್ಟೆ ತುಂಬಿಸಿಕೊಳ್ಳಬೇಕೆಂದರೆ ‘ಬಾರ್ ಮ್ಲೆಚ್ನಿ’ ಎಂಬ ಬೋರ್ಡು ಹುಡುಕಬೇಕು. ಹಾಲಿನ ಬಾರ್ ಅಂತ ಅರ್ಥ. ಬಾರ್ ಅಂದಮಾತ್ರಕ್ಕೆ ಬಿಯರ್ ಕೇಳಬೇಡಿ. ಅಲ್ಲಿ ಸಿಗುವುದು ಕಾಂಪೋಟ್, ಹಣ್ಣು ಬೇಯಿಸಿ ಆರಿಸಿದ ಸಿಹಿ ನೀರು. ಮೊದಲ ಹಾಲಿನ ಬಾರ್ 1896ರಲ್ಲಿ ವಾರ್ಸಾದ ನೋವಿ ಶ್ವ್ಯಾತ್ ರಸ್ತೆಯಲ್ಲಿ ಶುರುವಾಯಿತು. ಹಾಲು, ಹಿಟ್ಟು, ತರಕಾರಿಯ ಅಡುಗೆಗೆ ಈಗಲೂ ಸರ್ಕಾರದ ಸಬ್ಸಿಡಿ ಇದೆ, ಮಾಂಸಕ್ಕಿಲ್ಲ. ಆಲೂಗಡ್ಡೆ ಪಿಯೆರೋಗಿ ಅಗ್ಗವಾಗಲು ಇದೂ ಒಂದು ಕಾರಣ.

ಗೋಡೆಯ ಮೇಲಿನ ಪಟ್ಟಿ ನೋಡಿ, ಕೌಂಟರಿನಲ್ಲಿ ಮೊದಲು ದುಡ್ಡು ಕೊಟ್ಟು, ಚೀಟಿಯನ್ನು ಅಡುಗೆಮನೆಯ ಕಿಟಕಿಗೆ ಕೊಡಿ. ಕೂಗಿದಾಗ ತಟ್ಟೆ ನೀವೇ ತರಬೇಕು; ತಿಂದಮೇಲೆ ಎಂಜಲು ತಟ್ಟೆಯನ್ನೂ ನೀವೇ ಇನ್ನೊಂದು ಕಿಟಕಿಯಲ್ಲಿಡಬೇಕು.

ಮೊದಲ ಸಲ ಹೋದವರು ‘ರುಸ್ಕಿಯೆ’ ಪಿಯೆರೋಗಿ ತೆಗೆದುಕೊಳ್ಳಿ. ಹೆಸರಿಗೂ ರಷ್ಯಾಕ್ಕೂ ಸಂಬಂಧವಿಲ್ಲ, ಅದು ಈಗಿನ ಪಶ್ಚಿಮ ಉಕ್ರೇನಿನ ರುಥೇನಿಯಾ ಸೀಮೆಯದು. 2022ರ ನಂತರ ಕೆಲವು ಕಡೆ ‘ಉಕ್ರೇನಿನ ಪಿಯೆರೋಗಿ’ ಅಂತಲೇ ಬರೆಯುತ್ತಾರೆ. ಹೂರಣ ಆಲೂಗಡ್ಡೆ, ಹುರಿದ ಈರುಳ್ಳಿ ಮತ್ತು ತ್ವಾರುಗ್. ತ್ವಾರುಗ್ ಅಂದರೆ ಹುಳಿಯಾದ ಹಾಲನ್ನು ಬಿಸಿಮಾಡಿ ಸೋಸಿದ ಉದುರುದುರು ಗಿಣ್ಣು. ಪನೀರ್ ಹಾಕಿದರೆ ಆ ಹುಳಿ ಬರುವುದಿಲ್ಲ. ಸಸ್ಯಾಹಾರಿಗಳು ಗಮನಿಸಿ: ಹೂರಣದಲ್ಲಿ ಮಾಂಸವಿಲ್ಲದಿದ್ದರೂ ಮೇಲೆ ಹಂದಿಕೊಬ್ಬಿನ ಹುರಿದ ಚೂರು ಸುರಿಯುವುದುಂಟು. ‘ಬೆಜ್ ಸ್ಕ್ವಾರೆಕ್’ ಅಂದರೆ ಅದಿಲ್ಲದೆ ಕೊಡುತ್ತಾರೆ. ಹುರಿದದ್ದು ಬೇಕಿದ್ದರೆ ಯಾವುದರಲ್ಲಿ ಹುರಿಯುತ್ತಾರೆಂದು ಮೊದಲೇ ಕೇಳಿ.

ತಟ್ಟೆ ಬಂದ ಕೂಡಲೇ ಅಂಚು ನೋಡಿ. ಕೈಯಲ್ಲಿ ಒತ್ತಿದ್ದರೆ ಬೆರಳಿನ ಗುರುತು ಒಂದೊಂದರಲ್ಲೂ ಒಂದೊಂದು ಥರ ಇರುತ್ತದೆ. ಯಂತ್ರದ್ದು ಎಲ್ಲವೂ ಒಂದೇ ಅಚ್ಚು. ಅಂಚು ಹೊಟ್ಟೆಗಿಂತ ತುಸು ದಪ್ಪವಿದ್ದರೆ ಸರಿ, ಕಚ್ಚಿದಾಗ ರಬ್ಬರಿನಂತೆ ಎಳೆದರೆ ಹಿಟ್ಟು ಕಲಸಿದ್ದೇ ಸರಿಯಿಲ್ಲ.

ಸರಿಯಾಗಿ ಕಲಸುವುದು ಹೀಗೆ: 500 ಗ್ರಾಂ ಮೈದಾ, ಅರ್ಧ ಚಮಚ ಉಪ್ಪು, 2 ದೊಡ್ಡ ಚಮಚ ಎಣ್ಣೆ, ಸುಮಾರು 250 ಮಿ.ಲೀ. ಚೆನ್ನಾಗಿ ಬಿಸಿಯಾದ ನೀರು. ನೀರನ್ನು ಒಮ್ಮೆಗೇ ಸುರಿಯಬೇಡಿ, ಮೈದಾ ಎಳೆದುಕೊಳ್ಳುವಷ್ಟು ಸಾಕು. ಬಿಸಿನೀರಿಗೆ ಹಿಟ್ಟಿನ ಪಿಷ್ಟ ಸ್ವಲ್ಪ ಬೆಂದು ರಬ್ಬರಿನಂಥ ಎಳೆತ ಕಡಿಮೆಯಾಗುತ್ತದೆ. ತಣ್ಣೀರಲ್ಲಿ ಕಲಸಿದ್ದು ಲಟ್ಟಿಸಿದಷ್ಟೂ ಹಿಂದಕ್ಕೆ ಕುಗ್ಗುತ್ತದೆ. ಮುಚ್ಚಿ ಅರ್ಧ ಗಂಟೆ ಬಿಡಿ. ಆಮೇಲೆ 2 ಮಿ.ಮೀ. ದಪ್ಪಕ್ಕೆ ಲಟ್ಟಿಸಿ, ಲೋಟದ ಬಾಯಿಂದ 7-8 ಸೆಂ.ಮೀ. ಬಿಲ್ಲೆ ಕತ್ತರಿಸಿ.

ಹೂರಣಕ್ಕೆ 600 ಗ್ರಾಂ ಆಲೂಗಡ್ಡೆಗೆ 250 ಗ್ರಾಂ ತ್ವಾರುಗ್, ಎರಡು ಈರುಳ್ಳಿ, ಕಾಳುಮೆಣಸು ಧಾರಾಳ. ಆಲೂಗಡ್ಡೆಯನ್ನು ಕೈಯಲ್ಲೇ ಹಿಸುಕಿ. ಮಿಕ್ಸಿಗೆ ಹಾಕಿದರೆ ಅಂಟಾಗುತ್ತದೆ. ಪೂರ್ತಿ ಆರಿದ ಮೇಲೇ ತುಂಬಿ. ಬಿಸಿ ಹೂರಣದ ಹಬೆಗೆ ಹಿಟ್ಟು ಒದ್ದೆಯಾಗಿ ತಳ ಹರಿಯುತ್ತದೆ.

ಕುದಿಯುವಾಗ ಬಾಯಿ ಬಿಡುವುದಕ್ಕೆ ಹೆಚ್ಚಾಗಿ ಎರಡೇ ಕಾರಣ: ಅಂಚಿಗೆ ಒಣಹಿಟ್ಟು ಅಥವಾ ಹೂರಣ ತಾಗಿರುತ್ತದೆ, ಇಲ್ಲವೇ ಒಳಗೆ ಗಾಳಿ ಉಳಿದಿರುತ್ತದೆ. ಕರ್ಜಿಕಾಯಿ ಮಾಡಿ ಗೊತ್ತಿದ್ದವರಿಗೆ ಇದು ಹೊಸದಲ್ಲ. ಹೂರಣದ ಬದಿಯಿಂದ ಹೊರಕ್ಕೆ ಗಾಳಿ ತಳ್ಳುತ್ತಾ ಒತ್ತಿ. ಅಗಲ ಪಾತ್ರೆಯಲ್ಲಿ ಉಪ್ಪುನೀರು ಕುದಿಸಿ, ಒಂದು ಸಲಕ್ಕೆ ಹತ್ತಕ್ಕಿಂತ ಹೆಚ್ಚು ಬೇಡ. ಜಾಸ್ತಿ ಹಾಕಿದರೆ ಕುದಿ ನಿಂತು ಮೈ ಲೋಳೆಯಾಗುತ್ತದೆ. ತೇಲಿದ ಮೇಲೆ 2-3 ನಿಮಿಷ, ಅಷ್ಟೇ. ತೆಗೆದ ಕೂಡಲೇ ಬೆಣ್ಣೆ ಸವರದಿದ್ದರೆ ಒಂದಕ್ಕೊಂದು ಅಂಟಿಕೊಂಡು, ಬಿಡಿಸುವಾಗ ಹೊಟ್ಟೆ ಕಿತ್ತುಬರುತ್ತದೆ.

ಮಿಕ್ಕಿದ್ದನ್ನು ಮರುದಿನ ಬಾಣಲೆಯಲ್ಲಿ ಕೆಂಪಗೆ ಹುರಿಯುತ್ತಾರೆ. ನನ್ನ ಮಟ್ಟಿಗೆ ರುಸ್ಕಿಯೆಗೆ ಅದೇ ಮೇಲು. ಬೇಸಿಗೆಯ ಕಾಡುಹಣ್ಣು ‘ಯಾಗೊಡಿ’ ತುಂಬಿದ್ದನ್ನು ಮಾತ್ರ ಹುರಿಸಬೇಡಿ. ಬೇಯಿಸಿದ್ದರ ಮೇಲೆ ಹುಳಿಕೆನೆ, ಸಕ್ಕರೆ ಹಾಕಿಸಿಕೊಂಡು ತಿನ್ನಿ. ನಾಲಿಗೆ ನೇರಳೆಯಾಗುತ್ತದೆ, ಬಿಳಿ ಅಂಗಿ ಇದ್ದರೆ ಜೋಪಾನ.